ಮಿತಿಯೊಳಗಿನ ಬಾಡಿಗೆ

2017, ಅಕ್ಟೋಬರ್ 11

ನಗಾತಾ. ಮೋಡ. ಬೆಳಿಗ್ಗೆ ಅನ್ನ, ಮಿಸೊ ಸಾರು, ನಿನ್ನೆ ಉಳಿದ ಮೂಲಂಗಿ.

ಹತ್ತಕ್ಕೆ ವಾರ್ಡ್ ಕಚೇರಿಯ ನಿಶಿವಾಕಿ ಬಂದರು. ನನ್ನ ಕೇಸ್‌ವರ್ಕರ್. ಸರ್ಕಾರದ ಜೀವನ ನೆರವು ಶುರುವಾದ ಮೇಲೆ ಮನೆಗೆ ಬಂದದ್ದು ಇದು ಎರಡನೆಯ ಸಲ. ವಯಸ್ಸು ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಬಾಗಿಲಲ್ಲಿ ಶೂ ಬಿಚ್ಚಿ, ತಿರುಗಿಸಿ ಜೋಡಿಸಿಟ್ಟು ಒಳಗೆ ಬಂದರು. ಚಹಾ ಮುಟ್ಟಲಿಲ್ಲ. ಮುಟ್ಟುವ ಹಾಗಿಲ್ಲವಂತೆ. ಅದರ ಮೇಲೆ ತಟ್ಟೆ ಮುಚ್ಚಿಟ್ಟು ಅವರು ಹೋದ ಮೇಲೆ ನಾನೇ ಕುಡಿದೆ.

ಹೇಳಿದ್ದು ಇಷ್ಟು. ನೆರವಿನಲ್ಲಿ ಊಟ, ಬಟ್ಟೆ, ಕರೆಂಟಿನ ಭಾಗ ಬೇರೆ, ಬಾಡಿಗೆಯ ಭಾಗ ಬೇರೆ. ಒಬ್ಬನೇ ಇರುವವನ ಬಾಡಿಗೆಗೆ ಇಷ್ಟೇ ಎಂಬ ಮಿತಿ ಇದೆ. ನನ್ನದು ಅದಕ್ಕಿಂತ ಆರು ಸಾವಿರ ಯೆನ್ ಹೆಚ್ಚು.

"ಆರು ತಿಂಗಳೊಳಗೆ ಮಿತಿಯೊಳಗಿನ ಮನೆ ನೋಡ್ಕೊಳ್ಳಿ, ಕುಸುಮೊತೊ ಅವರೇ. ಅಡ್ವಾನ್ಸು, ಸಾಮಾನು ಸಾಗಿಸೋ ಲಾರಿ, ಎರಡೂ ಕಚೇರಿನೇ ಕೊಡತ್ತೆ."

"ಹೋಗದೇ ಇದ್ರೆ?"

"ಹೆಚ್ಚಿನ ಬಾಡಿಗೆ ನಿಮ್ಮ ಊಟದ ದುಡ್ಡಲ್ಲಿ ಹೋಗತ್ತೆ. ನೀವು ಆಗ್ಲೇ ಸಣ್ಣ ಆಗಿದ್ದೀರಿ."

"ಅದು ಹೊಟ್ಟೆ ಆಪರೇಷನ್ ಆದಮೇಲೆ."

"ಅದಕ್ಕೇ ಹೇಳ್ತಿದ್ದೀನಿ."

ಅರ್ಥವಾಯಿತು ಎಂದೆ. ಒಪ್ಪಿದೆ ಎನ್ನಲಿಲ್ಲ. ಅವರು ಎರಡೂ ಒಂದೇ ಎಂದು ಬರೆದುಕೊಂಡಿರಬೇಕು.

ಇಲ್ಲಿಗೆ ಬಂದದ್ದು 1979ರ ವಸಂತದಲ್ಲಿ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿ ಎರಡನೆಯ ವಾರ. ಚಿದೊರಿ-ಸೋ ಎಂಬ ಈ ಮರದ ಮನೆಯಲ್ಲಿ ಮೇಲೂ ಕೆಳಗೂ ಸೇರಿ ಬಾಡಿಗೆಗೆ ಎಂಟು ಬಿಡಾರ, ಯಜಮಾನರದು ಬೇರೆ. ಯಜಮಾನ ತತ್ಸುಮಿ ಇಸಾಮು ನನ್ನ ಪುಸ್ತಕದ ರಟ್ಟಿನ ಪೆಟ್ಟಿಗೆ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ್ದ. ಅರ್ಧದಲ್ಲಿ ನಿಂತು ಕೇಳಿದ್ದ — "ಏನಪ್ಪಾ, ಊರಿಂದ ಕಲ್ಲು ತಂದಿದ್ದೀಯಾ? ಈ ಕಡೆನೂ ಸಿಗತ್ತೆ ಕಲ್ಲು." ಕೆಳಗಿಂದ ಅವನ ಹೆಂಡತಿ ಫುಜಿಯೆ ನಕ್ಕದ್ದು ಕೇಳಿಸಿತ್ತು. ನಾನು ನೋಡುವ ಮೊದಲೇ ಕೇಳಿದ ನಗು.

ಈಗ ದೀಪ ಹೊತ್ತುವುದು ಎರಡೇ ಮನೆಯಲ್ಲಿ. ಕೆಳಗೆ ಓನರಮ್ಮ ಫುಜಿಯೆ, ಮೇಲೆ ಮೂಲೆಯಲ್ಲಿ ನಾನು.

ಅಕ್ಟೋಬರ್ 14

ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋದೆ; ಚಿದೊರಿ-ಸೋದ ಕೋಣೆಗಳಲ್ಲಿ ಬಚ್ಚಲಿಲ್ಲ. ನಾಲ್ಕು ಗಂಟೆಗೆ ಬಾಗಿಲು ತೆಗೆಯುವಾಗಲೇ ಹೋದರೆ ನೀರು ಚೊಕ್ಕವಾಗಿರುತ್ತದೆ. ಹಮಗುಚಿ ಮೊದಲೇ ಕೂತಿದ್ದ. ಶೂ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದವನು; ಮದುವೆಯಾಗುವ ತನಕ ನನ್ನ ಕೋಣೆಯ ಕೆಳಗೇ ಬಾಡಿಗೆಗಿದ್ದ. ಈಗ ನಗರಸಭೆಯ ವಸತಿಯಲ್ಲಿದ್ದಾನೆ.

"ಏನಯ್ಯಾ, ಸರ್ಕಾರದ ಅಳಿಯ. ತಿರುಗು, ಬೆನ್ನು ಉಜ್ತೀನಿ. ಅಳಿಯಂದಿರನ್ನ ಚೆನ್ನಾಗಿ ನೋಡ್ಕೋಬೇಕು."

ಅಳಿಯನಿಗೆ ಮನೆ ಬಿಡಲು ಹೇಳಿದ್ದಾರೆ ಎಂದೆ. ಉಜ್ಜುವುದು ನಿಲ್ಲಿಸಿದ.

"ಬಾಡಿಗೆ ಇಳಿಸಿ ಅಂತ ಓನರಮ್ಮನ್ನ ಕೇಳು."

"ಕೇಳೋಕಾಗಲ್ಲ."

"ಯಾಕೆ, ಬಾಯಿಗೂ ಆಪರೇಷನ್ ಆಯ್ತಾ?"

ಬಿಸಿ ನೀರಿಗಿಳಿದು ಕಣ್ಣು ಮುಚ್ಚಿದೆ. ಆಗೆಲ್ಲ ಈ ಹೊತ್ತಿಗೆ ಇಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ಕಾರ್ಖಾನೆ ಬಿಟ್ಟವರೆಲ್ಲ ಒಟ್ಟಿಗೆ ಬರುತ್ತಿದ್ದರು. ಮೈಯಿಂದ ಅಂಟಿನ ವಾಸನೆ. ಬೂಟಿನ ಬಣ್ಣ ಯಾರ ಉಗುರಿನಿಂದಲೂ ಹೋಗುತ್ತಿರಲಿಲ್ಲ. ಗೋಡೆಯ ಆಚೆ, ಹೆಂಗಸರ ಕಡೆ, ಹೊಲಿಗೆ ಮಿಷನ್ನಿನ ಹುಡುಗಿಯರು. ಒಬ್ಬಳು ಸೋಪು ಕೇಳಿದರೆ ಈಚೆಯಿಂದ ಯಾರೋ ಗೋಡೆಯ ಮೇಲಿಂದ ಎಸೆಯುವುದು, ಅದು ಯಾರ ತಲೆಗೋ ಬಡಿಯುವುದು, ಬೈಗುಳ, ನಗು. ಇವತ್ತು ಆಚೆ ಕಡೆ ಒಂದೇ ಬೋಗುಣಿಯ ಸದ್ದು. ಇಟ್ಟರು. ಎತ್ತಿದರು. ಇಟ್ಟರು.

ಅಕ್ಟೋಬರ್ 20

ಮನೆ ನೋಡಲು ಹೋದೆ. ಬ್ರೋಕರ್ ಹುಡುಗ ಮೂರು ಕಡೆ ಫೋನು ಮಾಡಿದ. "ನೆರವಿನವರು. ಒಬ್ಬರೇ. ಅರವತ್ತೆಂಟು. ಹೌದು. ಸರಿ, ಪರವಾಗಿಲ್ಲ." ಮೊದಲ ಎರಡು ಸಲವೂ ಪರವಾಗಿಲ್ಲ ಎಂದ. ಮೂರನೆಯವರು ಒಪ್ಪಿದರು.

ಗ್ರಂಥಾಲಯದ ಹಿಂದಿನ ಬೀದಿ. ಮೂರನೆಯ ಮಹಡಿ, ಲಿಫ್ಟ್ ಇದೆ. ಒಂದೇ ಕೋಣೆ. ಬಾಡಿಗೆ ಮಿತಿಯೊಳಗೆ. ಪೂರ್ವಕ್ಕೆ ಕಿಟಕಿ. ಸ್ನಾನದ ಮನೆ ಒಳಗೇ — ಬಾಗಿಲು ತೆಗೆದರೆ ತೊಟ್ಟಿ. ಚಿಕ್ಕದು, ಮಂಡಿ ಮಡಿಸಿ ಕೂರಬೇಕು. ಹುಡುಗನಿಗೆ ಫೋನು ಬಂತು, ಹೊರಗೆ ಹೋದ. ಆಗ ಕೋಟಿನ ಸಮೇತ ತೊಟ್ಟಿಯೊಳಗೆ ಇಳಿದು ಕೂತೆ. ಒಣ ತೊಟ್ಟಿ. ತಲೆ ಒರಗಿಸಿ ನೋಡಿದೆ. ಹುಡುಗನ ಹೆಜ್ಜೆ ಕೇಳಿದಾಗ ಎದ್ದೆ.

ಇಷ್ಟವಾಯಿತು. ಇಲ್ಲಿ ಬರೆದಿಡುತ್ತೇನೆ, ಯಾರಿಗೂ ಹೇಳುವುದಿಲ್ಲ. ಇಷ್ಟು ವರ್ಷ ಇದ್ದ ಮನೆ ಬಿಡಲು ಇಷ್ಟು ಸುಲಭವಾಗಿ ಮನಸ್ಸಾಗಬಾರದು.

ಹುಡುಗನಿಗೆ ಮುಂದಿನ ವಾರ ಹೇಳುತ್ತೇನೆ ಎಂದೆ.

ಅಕ್ಟೋಬರ್ 22, ಮಧ್ಯಾಹ್ನ

ಚಂಡಮಾರುತ ಬರುತ್ತದೆಂದು ಕಿಟಕಿಗಳಿಗೆ ಮರದ ಹಲಗೆ ಮುಚ್ಚುತ್ತಿದ್ದೆ. ಮೆಟ್ಟಿಲಲ್ಲಿ ನಿಧಾನದ ಹೆಜ್ಜೆ. ಓನರಮ್ಮ. ಎಂಬತ್ತೊಂದು ವರ್ಷ, ಬಲ ಮಂಡಿ ಸರಿಯಿಲ್ಲ. ಆದರೂ ನಾನು ಇಳಿದು ಬರುತ್ತೇನೆಂದರೆ ಕೇಳುವುದಿಲ್ಲ. ಒಂದು ಕೈಯಲ್ಲಿ ಬೇಯಿಸಿದ ಕುಂಬಳಕಾಯಿಯ ಡಬ್ಬಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಹೊಸ ಕರಾರು. ಸಹಿಯ ಜಾಗದಲ್ಲಿ ಆಗಲೇ ಅವರ ಹೆಸರಿನ ಮುದ್ರೆ ಒತ್ತಿಯಾಗಿದೆ.

"ಹಮಗುಚಿ ಹೇಳ್ದ. ನೀವು ಹೇಳ್ಬೇಕಿತ್ತು."

"ನಿಮಗೆ ತೊಂದ್ರೆ ಕೊಡೋದು ಬೇಡ ಅಂತ…"

"ತೊಂದ್ರೆ ಏನು ಬಂತು. ಕಚೇರಿಯವರು ಎಷ್ಟು ಅಂತಾರೋ ಅಷ್ಟೇ ಹಾಕಿದ್ದೀನಿ. ಎಂಟು ಬಾಗಿಲಲ್ಲಿ ಏಳು ಮುಚ್ಚಿವೆ. ನಿಮ್ಮದನ್ನೂ ಮುಚ್ಚಿ ನಾನು ಯಾರಿಗೆ ಕುಂಬಳಕಾಯಿ ಬೇಯಿಸ್ಲಿ?"

"ನಿಮಗೆ ನಷ್ಟ ಆಗತ್ತೆ."

"ನಮ್ಮ ಯಜಮಾನ್ರು ನಿಮ್ಮ ಕಲ್ಲಿನ ಪೆಟ್ಟಿಗೆ ಹೊತ್ತು ಸೊಂಟ ಹಿಡಿಸ್ಕೊಂಡಿದ್ರಲ್ಲ, ಅದನ್ನ ವಸೂಲಿ ಮಾಡ್ಬೇಡ್ವಾ? ಇಲ್ಲೇ ಇರಿ."

ಆ ಕೋಣೆಯ ವಿಷಯ ನಾಲಿಗೆಯ ತುದಿಯಲ್ಲಿತ್ತು. ಅವರು ಮಂಡಿ ಹಿಡಿದುಕೊಂಡು ನನ್ನ ಚಾಪೆಯ ಮೇಲೆ ಕೂತಿದ್ದರು. ನಗುತ್ತಿದ್ದರು. ನನ್ನ ಮುದ್ರೆ ತೆಗೆದು ಒತ್ತಿದೆ. ಹಣೆ ಚಾಪೆಗೆ ತಾಗುವಷ್ಟು ಬಾಗಿದೆ. ಅವರೂ ಬಾಗಿದರು.

ಅಕ್ಟೋಬರ್ 25

ಕಚೇರಿ. ನಿಶಿವಾಕಿಗೆ ಕರಾರು ತೋರಿಸಿದೆ. ಖುಷಿಪಟ್ಟರು.

"ಇಂಥ ಓನರ್ ಸಿಗೋದು ಕಷ್ಟ, ಕುಸುಮೊತೊ ಅವರೇ. ಇನ್ನು ನೀವು ಎಲ್ಲೂ ಹೋಗ್ಬೇಕಿಲ್ಲ."

ಬರುವಾಗ ಕೇಳಿದೆ, ಬೇರೆ ಯಾರದೋ ವಿಷಯ ಎಂಬಂತೆ: ಬಾಡಿಗೆ ಮಿತಿಯೊಳಗಿದ್ದೂ ಒಬ್ಬ ಮನೆ ಬದಲಾಯಿಸಬೇಕೆಂದರೆ?

"ಸ್ವಂತ ಇಷ್ಟಕ್ಕೆ ಹೋದ್ರೆ ಅಡ್ವಾನ್ಸು, ಲಾರಿ ಕೊಡಕ್ಕಾಗಲ್ಲ. ಓನರ್ರೇ ಖಾಲಿ ಮಾಡಿ ಅಂತ ಬರ್ದು ಕೊಟ್ರೆ ಮಾತು ಬೇರೆ. ಯಾಕೆ?"

"ಸುಮ್ಮನೆ. ತಿಳ್ಕೊಳ್ಳೋಣ ಅಂತ."

ಬ್ರೋಕರ್ ಹುಡುಗನಿಗೆ ಫೋನು ಮಾಡಿ ಬೇಡ ಎಂದೆ. ಪರವಾಗಿಲ್ಲ ಎಂದ.

ನವೆಂಬರ್ 19

ಬೆಳಿಗ್ಗೆ ಬೇಗ ಎದ್ದು ಮೆಟ್ಟಿಲು, ಪಡಸಾಲೆ, ಅಂಗಳ ಗುಡಿಸುವುದನ್ನು ಈ ತಿಂಗಳಿಂದ ರೂಢಿ ಮಾಡಿಕೊಂಡಿದ್ದೇನೆ. ಇಳಿಸಿದ ಬಾಡಿಗೆಗೆ ಬೇರೆ ಏನು ಕೊಡಲಿ. ಕಳೆದ ವಾರ ಸೂರಿನ ಸೋರುವ ನೀರುದೋಣಿಗೆ ತಗಡು ಬಡಿದೆ. ಅವತ್ತು ಸಂಜೆ ಓನರಮ್ಮ ಮೇಲೆ ಬಂದರು — ಸೋಯಾದಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ. ಗುಡಿಸಿದ್ದಕ್ಕಂತೆ. ಮರುದಿನ ಅವರ ಬಾಗಿಲ ಮುಂದಿನ ಹೂಕುಂಡಗಳನ್ನೆಲ್ಲ ತೊಳೆದಿಟ್ಟೆ. ಅದಕ್ಕೆ ಟೋಫು ಬಂತು. ಟೋಫುವಿಗೆ ಕಿಟಕಿ ಗಾಜು ಒರೆಸಿದೆ. ಇವತ್ತು ಕಡಲೆ ಹಾಕಿದ ಕಲಸನ್ನ.

ಇದು ಹೇಗೆ ನಿಲ್ಲುತ್ತದೋ ಗೊತ್ತಿಲ್ಲ. ಪ್ರತಿ ಸಲ ಅವರು ಆ ಕಡಿದಾದ ಮೆಟ್ಟಿಲು ಹತ್ತುತ್ತಾರೆ. ಗುಡಿಸುವುದು ಬಿಟ್ಟರೆ ಹತ್ತುವುದು ಬಿಡುತ್ತಾರೇನೋ. ಆದರೆ ಗುಡಿಸದೆ ಇದ್ದರೆ ನನಗೆ ಊಟ ಸೇರುವುದಿಲ್ಲ.

ಡಿಸೆಂಬರ್ 17

ವರ್ಷಾಂತ್ಯದ ಧೂಳು ತೆಗೆದೆ. ಮುಚ್ಚಿದ ಮನೆಗಳದ್ದೂ ಬೀಗ ತೆಗೆಸಿ ಗಾಳಿಯಾಡಲು ಬಿಟ್ಟೆ. ಓನರಮ್ಮ ಕೆಳಗಿಂದಲೇ ಕೂಗುತ್ತಿದ್ದರು — "ಹಾಗೇ ಬಿಡಿ, ಇಲಿಗಳಿಗೆ ಬೇಜಾರಾಗತ್ತೆ."

ಎರಡನೆಯ ಬಾಗಿಲು ಮಿಸಾವೊಳದ್ದು. ಅಮಾಮಿ ದ್ವೀಪದಿಂದ ಬಂದವಳು. ಬೂಟಿನ ಮೇಲ್ಭಾಗ ಹೊಲಿಯುವ ಕೆಲಸ. ಮಿಷನ್ನು ಮನೆಯಲ್ಲೇ ಇಟ್ಟುಕೊಂಡಿದ್ದಳು. ಅದರ ಕಾಲುಗಳು ಚಾಪೆಯಲ್ಲಿ ಊರಿದ ನಾಲ್ಕು ಗುಳಿ ಇನ್ನೂ ಇದೆ. ರಾತ್ರಿ ಅವಳ ಮಿಷನ್ನು ನಿಂತರೆ ನನಗೆ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ.

ನನ್ನ ಹತ್ತಿರ ಅನುವಾದದ ಕಾದಂಬರಿಗಳನ್ನು ಒಯ್ಯುತ್ತಿದ್ದಳು. ರಷ್ಯದ್ದು, ಫ್ರಾನ್ಸಿನದು, ಪೋಲಂಡಿನದು. ಹೆಸರುಗಳು ನೆನಪಿರುವುದಿಲ್ಲವೆಂದು ದೂರುತ್ತಿದ್ದಳು. ಒಂದು ಬೇಸಿಗೆ, ಅಂಗಳದ ನಲ್ಲಿಯ ಹತ್ತಿರ ಎಲ್ಲರೂ ಕಲ್ಲಂಗಡಿ ತಿನ್ನುತ್ತಿದ್ದಾಗ ಪುಸ್ತಕ ವಾಪಸು ಕೊಟ್ಟಳು.

"ಈ ಜನ ಯಾವಾಗ ನೋಡಿದ್ರೂ ಚಹಾ ಕುಡೀತಾರಲ್ಲ. ಕೆಲ್ಸ ಯಾವಾಗ ಮಾಡ್ತಾರೆ?"

"ಕೆಲಸದವರು ಬೇರೆ ಇರ್ತಾರೆ."

"ಹಾಗಾದ್ರೆ ಆ ಕೆಲಸದವಳ ಕಥೆ ಇರೋ ಪುಸ್ತಕ ಕೊಡಿ."

ಹುಡುಕಿದೆ. ಪ್ರೆಸ್ಸಿನವರನ್ನೆಲ್ಲ ಕೇಳಿ, ಹಳೆಯ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿ ಕೊನೆಗೆ ಒಂದು ತಂದೆ. ಓದಿ ಕೊಟ್ಟಳು. "ಇವಳೂ ಚಹಾ ಕುಡಿದ್ಲು, ಒಂದೇ ಸಲ. ಅದು ಚೆನ್ನಾಗಿತ್ತು" ಎಂದಳು. ಅಂಥ ಓದುಗರನ್ನು ಆಮೇಲೆ ಕಂಡಿಲ್ಲ. 86ರಲ್ಲಿ ತಾಯಿಗೆ ಹುಷಾರಿಲ್ಲವೆಂದು ದ್ವೀಪಕ್ಕೆ ಹೋದಳು. ಬಂದರಿನ ತನಕ ಚಿದೊರಿ-ಸೋದವರೆಲ್ಲ ಹೋಗಿದ್ದೆವು. ಹಡಗಿನಿಂದ ಬಣ್ಣದ ಕಾಗದದ ಸುರುಳಿ ಬಿಟ್ಟಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಹಿಡಿದವಳು ಓನರಮ್ಮ. ನಾನು ಹಿಂದೆ ನಿಂತಿದ್ದೆ. ಹರಿಯುವ ತನಕ ನೋಡಿದೆ.

ಇವತ್ತು ಆ ಕೋಣೆಯ ಕಿಟಕಿ ಬಹಳ ಹೊತ್ತು ತೆರೆದಿಟ್ಟಿದ್ದೆ. ಬಿಸಿಲು ಗುಳಿಗಳ ತನಕ ಬಂದು ಹೋಯಿತು.

2018, ಜನವರಿ 17, ಬೆಳಿಗ್ಗೆ 6.30

1995ರ ಭೂಕಂಪದ ದಿನ. ಪ್ರತಿ ವರ್ಷದಂತೆ ಕತ್ತಲಲ್ಲೇ ಬಾಗಿಲ ಮುಂದೆ ಮೋಂಬತ್ತಿ ಹಚ್ಚಿದೆವು. ಈಗ ಇಬ್ಬರೇ.

ಆ ಬೆಳಿಗ್ಗೆ ಕಪಾಟು ನನ್ನ ಕಾಲ ಮೇಲೆ ಬಿದ್ದಿತ್ತು. ಪುಸ್ತಕಗಳನ್ನು ಒದ್ದುಕೊಂಡು ಹೊರಗೆ ಬಂದಾಗ ಓನರಮ್ಮ ಬೀದಿಯಲ್ಲಿ ಗಂಡನ ಕೋಟು ಹಾಕಿಕೊಂಡು ನಿಂತಿದ್ದರು. ಗಂಡ ಹೋಗಿ ಆಗ ಮೂರು ವರ್ಷ. ಬಾಡಿಗೆಯವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಿದ್ದರು, ಶಾಲೆಯ ಹಾಜರಿಯ ಹಾಗೆ. ಹೂಂ ಎಂದವರನ್ನು ಬೈಯುತ್ತಿದ್ದರು — "ಹೂಂ ಅಂದ್ರೆ ಸಾಲ್ದು, ಇಲ್ಲಿ ಬಂದು ನಿಂತ್ಕೊಳ್ಳಿ." ಬೆಂಕಿ ಒಂದು ಬೀದಿ ಆಚೆಗೆ ನಿಂತಿತು. ಗಾಳಿ ತಿರುಗಿತೆಂದರು. ಆ ಮಧ್ಯಾಹ್ನ ಅವರು ಅಂಗಳದಲ್ಲಿ ಒಲೆ ಹೂಡಿ ಇದ್ದಬದ್ದ ಅಕ್ಕಿಯನ್ನೆಲ್ಲ ಬೇಯಿಸಿ ಉಂಡೆ ಕಟ್ಟಿದರು. ಉಪ್ಪು ಹೆಚ್ಚಾಗಿತ್ತು. ಅಷ್ಟು ರುಚಿಯಾದದ್ದು ಮತ್ತೆ ತಿಂದಿಲ್ಲ.

ಇವತ್ತು ಮೋಂಬತ್ತಿಗೆ ಕೈ ಅಡ್ಡ ಹಿಡಿದು ಹೇಳಿದರು:

"ಈ ಮನೆ ಅವತ್ತೇ ಬಿದ್ದುಹೋಗಿದ್ರೆ ಎಲ್ಲರಿಗೂ ಸುಲಭ ಆಗ್ತಿತ್ತು, ಅಲ್ವಾ."

"ಯಾಕೆ ಹಾಗಂತೀರಿ?"

"ಚಳಿ. ಚಳೀಲಿ ಬಾಯಿಗೆ ಬಂದಿದ್ದು ಬರತ್ತೆ. ಒಳಗೆ ನಡೀರಿ."

ನಗುತ್ತಲೇ ಹೇಳಿದರು. ಆದರೂ ಬರೆದಿಡುತ್ತಿದ್ದೇನೆ.

ಫೆಬ್ರವರಿ 9

ಮೂರು ವಾರದಿಂದ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ, ನಿನ್ನೆಯ ತನಕ.

ನಿನ್ನೆ ಸಂಜೆ ಓನರಮ್ಮ ಮೆಟ್ಟಿಲಿಂದ ಜಾರಿದರು. ನನಗೆ ಮೀನಿನ ಸಾರು ತರುತ್ತಿದ್ದರು. ಹಿಂದಿನ ದಿನ ಅಂಗಳದ ಹಿಮ ಎಳೆದುಹಾಕಿದ್ದೆನಲ್ಲ, ಅದಕ್ಕೆ. ಮುರಿದಿಲ್ಲ, ಮಂಡಿ ಊದಿದೆ. ಆಂಬುಲೆನ್ಸಿನಲ್ಲಿ ಮಲಗಿಸುವಾಗಲೂ "ಸಾರು ಚೆಲ್ಲಿಹೋಯ್ತು, ಬೇರೆ ಮಾಡ್ಕೊಡ್ತೀನಿ" ಎನ್ನುತ್ತಿದ್ದರು. ಮೆಟ್ಟಿಲು ಒರೆಸಿದೆ. ಮೂರು ಸಲ ಒರೆಸಿದರೂ ಶುಂಠಿಯ ವಾಸನೆ ಹೋಗಲಿಲ್ಲ.

ಫೆಬ್ರವರಿ 11

ಮಗಳು ಕಜುಯೊ ತೊತ್ತೊರಿಯಿಂದ ಬಂದಿದ್ದಾಳೆ. ಐದಾರು ವರ್ಷದವಳಿದ್ದಾಗ ನನ್ನ ಕರಡು ಹಾಳೆಗಳ ಹಿಂದೆ ಬೆಕ್ಕು ಬರೆಯುತ್ತಿದ್ದಳು. ಈಗ ಅರೆನೆರೆತ ಕೂದಲು. ತಾಯಿಯನ್ನು ಆಸ್ಪತ್ರೆಯಿಂದ ಕರೆತಂದು ಮಲಗಿಸಿ ಮೇಲೆ ಬಂದಳು. ಸೇಬಿನ ಚೀಲ ಕೊಟ್ಟಳು. ಹೋಗಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ನಿಂತಳು.

"ಕುಸುಮೊತೊ ಅವರೇ, ಒಂದು ಮಾತು. ನಾನು ಹೇಳ್ದೆ ಅಂತ ಅಮ್ಮಂಗೆ ಗೊತ್ತಾಗ್ಬಾರ್ದು."

ಸರಿ ಎಂದೆ.

"ಅಮ್ಮ ಹೋದ ಅಕ್ಟೋಬರಲ್ಲೇ ನನ್ನ ಜೊತೆ ಬರಕ್ಕೆ ಒಪ್ಪಿದ್ರು. ನಮ್ಮನೇಲಿ ಕೆಳಗಿನ ಕೋಣೆ ಖಾಲಿ ಮಾಡಿಸಿ, ಬಚ್ಚಲಿಗೆ ಹಿಡಿ ಹಾಕ್ಸಿದ್ದೆ. ಇಲ್ಲಿ ಪಕ್ಕದ ವೃದ್ಧರ ಡೇಕೇರ್‌ನವರು ಈ ಮನೆ ಕೆಡವಿ ಕಟ್ಕೊಳ್ಳಕ್ಕೆ ಜಾಗ ಕೇಳ್ತಾನೇ ಇದ್ರು."

"ಆಮೇಲೆ?"

"ನಿಮ್ಮ ಬಾಡಿಗೆ ವಿಷಯ ಬಂತು. ಅವರಿಗೆ ಈಗ್ತಾನೇ ಆಪರೇಷನ್ ಆಗಿದೆ, ನೆರವು ಈ ಮನೆ ಲೆಕ್ಕದಲ್ಲೇ ಬರತ್ತೆ, ಈಗ ಎಬ್ಬಿಸಿದ್ರೆ ನಾನು ಮನುಷ್ಯಳಾ ಅಂದ್ರು. ಮಾರನೇ ದಿನವೇ ಕರಾರು ಮಾಡಿಸಿದ್ರು."

ಸೇಬಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದೆ.

"ನೀವು ಹೋಗಿ ಅಂತ ನಾನು ಹೇಳ್ತಿಲ್ಲ" ಎಂದಳು. "ಅಮ್ಮಂಗೆ ನೀವಂದ್ರೆ ಆ ಕಾಲದವರೆಲ್ಲ ಇದ್ದಹಾಗೆ. ನಿಮಗೂ ಈ ಮನೆ ಬಿಟ್ಟು ಇರಕ್ಕಾಗಲ್ಲ ಅಂತಾರೆ."

"ಹಾಗಂತಾರಾ?"

"ದಿನಾ ಮೆಟ್ಟಿಲು ಗುಡಿಸ್ತಾರೆ ನೋಡು, ಪ್ರಾಣ ಇಟ್ಕೊಂಡಿದ್ದಾರೆ ಮನೆ ಮೇಲೆ ಅಂತಾರೆ."

ಡೇಕೇರ್‌ನವರು ಎಷ್ಟು ದಿನ ಕಾಯುತ್ತಾರೆ ಎಂದು ಕೇಳಿದೆ. ಮಾರ್ಚ್ ಕೊನೆಯ ತನಕ. ಆಮೇಲೆ ಬೇರೆ ಜಾಗ ನೋಡುತ್ತಾರಂತೆ. ಅವಳು ಬಾಗಿ ನಮಸ್ಕರಿಸಿ ಇಳಿದುಹೋದಳು. ಸೇಬಿನ ಚೀಲ ಹಿಡಿದು ಅಲ್ಲೇ ನಿಂತಿದ್ದೆ.

ಅವರು ನನಗೋಸ್ಕರ ಇದ್ದಾರೆ. ನಾನು ಅವರಿಗೋಸ್ಕರ ಇದ್ದೇನೆ. ಮಧ್ಯೆ ಈ ಮೆಟ್ಟಿಲು.

ಫೆಬ್ರವರಿ 14

ಹೇಳಿಬಿಡೋಣವೆಂದು ಕೆಳಗೆ ಹೋದೆ. ಕಜುಯೊ ಊರಿಗೆ ಹೋಗಿಯಾಗಿತ್ತು. ಓನರಮ್ಮ ಕಾಲು ಚಾಚಿ ಟಿವಿ ನೋಡುತ್ತಿದ್ದರು. ಕೂರಿಸಿದರು, ಚಹಾ ಬಂತು, ಅಕ್ಕಿಯ ಬಿಸ್ಕತ್ತು ಬಂತು. ಮಂಡಿಯ ವಿಷಯ, ಚಳಿಯ ವಿಷಯ. ಆಮೇಲೆ ಶುರುಮಾಡಿದೆ.

"ನನಗೂ ವಯಸ್ಸಾಯ್ತು. ಒಳಗೇ ಸ್ನಾನದ ಮನೆ ಇರೋ ಕಡೆ ಹೋದ್ರೆ ಹೇಗೆ ಅಂತ…"

"ನನ್ನ ಮಂಡಿ ನೋಡಿ ಹಾಗಂತಿದ್ದೀರಿ."

"ಅಲ್ಲ, ನಿಜವಾಗ್ಲೂ."

"ನಿಮ್ಮ ನಿಜವಾಗ್ಲೂ ನನಗೆ ಗೊತ್ತಿಲ್ವಾ. ಹೊಟ್ಟೆ ತುಂಬಿದೆ ಅಂತ ಹಸ್ಕೊಂಡು ಮಲಗೋ ಜನ ನೀವು." ಬಿಸ್ಕತ್ತು ನನ್ನ ಕಡೆ ತಳ್ಳಿದರು. "ಬಾಡಿಗೆ ಇನ್ನೂ ಭಾರ ಆಗ್ತಿದ್ಯಾ? ಬೇಕಾದ್ರೆ ಇನ್ನಷ್ಟು…"

"ಬೇಡ, ಬೇಡ."

"ಹಾಗಾದ್ರೆ ಸುಮ್ನಿರಿ."

ಬಿಸ್ಕತ್ತು ತಿಂದೆ. ನಾನು ನಿಜ ಹೇಳಿದ್ದು ಅವರಿಗೆ ದಾಕ್ಷಿಣ್ಯವಾಗಿ ಕೇಳಿಸಿತು. ಅವರು ಹೇಳುವುದರಲ್ಲಿ ದಾಕ್ಷಿಣ್ಯ ಎಷ್ಟು, ನಿಜ ಎಷ್ಟು ಎಂದು ನಾನೂ ಇಷ್ಟು ದಿನ ಕಂಡುಹಿಡಿದಿಲ್ಲ. ಬರುವಾಗ ಚಹಾ ಲೋಟ ತೊಳೆದಿಟ್ಟು ಬಂದೆ. ತೊಳೆಯಬಾರದಿತ್ತು. ಅದಕ್ಕೆ ಏನು ತರುತ್ತಾರೋ.

ಫೆಬ್ರವರಿ 20

ನಿಶಿವಾಕಿ ಬಂದರು. ಈ ಸಲ ನಾನು ಸುತ್ತಿ ಬಳಸಿ ಕೇಳಲಿಲ್ಲ. ಹೊಸ ಮನೆಗೆ ಅಡ್ವಾನ್ಸು ಕೊಡಲು ನನ್ನ ಹತ್ತಿರ ಇಲ್ಲ. ಸ್ವಂತ ಇಷ್ಟಕ್ಕೆಂದರೆ ಕಚೇರಿ ಕೊಡುವುದಿಲ್ಲ. ಹಾಗಾದರೆ ಓನರ್ ಏನು ಬರೆದುಕೊಡಬೇಕು?

"ಕಟ್ಟಡ ಹಳೇದು, ಕೆಡವಬೇಕು, ಇಂಥ ದಿನದೊಳಗೆ ಖಾಲಿ ಮಾಡಿ ಅಂತ. ಹೆಸರು, ತಾರೀಕು, ಮುದ್ರೆ. ನಿಜ ಇರ್ಬೇಕು ಅಷ್ಟೆ."

"ನಿಜಾನೇ. ಆದ್ರೆ ಅವರು ಬರೆಯಲ್ಲ."

"ಎಬ್ಬಿಸ್ಬೇಕು ಅಂತಿದ್ದೂ ಬರೆಯಲ್ವಾ?"

"ಎಬ್ಬಿಸೋಕೆ ಮನಸ್ಸು ಬರಲ್ಲ."

"ಮತ್ತೆ ನಿಮಗೆ ಹೋಗ್ಬೇಕು ಅಂತಿದ್ಯಾ?"

ಇದೆ ಎಂದೆ. ಮನುಷ್ಯರೊಬ್ಬರಿಗೆ ನೇರವಾಗಿ ಮೊದಲ ಸಲ ಹೇಳಿದ್ದು.

ಫೈಲು ಮುಚ್ಚಿದರು. "ಹೋದ ವರ್ಷ ಒಬ್ಬ ಅಜ್ಜಿ ನನ್ನ ಹತ್ರ ಅತ್ತಿದ್ರು, ಓನರ್ ಎಬ್ಬಿಸ್ತಿದ್ದಾನೆ ಅಂತ. ಎಬ್ಬಿಸ್ತಿಲ್ಲ ಅಂತ ಬೇಜಾರು ಮಾಡ್ಕೊಂಡವರು ನೀವೇ ಮೊದ್ಲು." ಆಮೇಲೆ ಸಣ್ಣ ದನಿಯಲ್ಲಿ — "ಅದು ನನ್ನ ಕೆಲಸದೊಳಗೆ ಬರಲ್ಲ. ಆದ್ರೆ ಅವರನ್ನೇ ಕೇಳಿ ನೋಡಿ, ಬರ್ಕೊಡಿ ಅಂತ."

ಕೇಳಿ. ಎಷ್ಟು ಹಗುರವಾಗಿ ಹೇಳಿದರು.

ಫೆಬ್ರವರಿ 24

ಸ್ನಾನದ ಮನೆ. ಹಮಗುಚಿಗೆ ಎಲ್ಲ ಹೇಳಿದೆ. ಬೋಗುಣಿ ಮಗುಚಿ ಅದರ ಮೇಲೆ ಕೂತು ನಕ್ಕ.

"ನನ್ನನ್ನ ಮನೆಯಿಂದ ಓಡ್ಸಿ ಅಂತ ಕೈ ಮುಗಿಯೋ ಬಾಡಿಗೆಯವನು. ನೀನು ಓದೋ ಪುಸ್ತಕದಲ್ಲೂ ಇಲ್ಲ ಬಿಡು."

"ಆ ಪುಸ್ತಕಗಳಲ್ಲಿ ಜನ ಎದುರೆದುರು ನಿಂತು ಹೇಳ್ಬಿಡ್ತಾರೆ. ನನಗೆ ಇದು ಬೇಕು, ಇದು ಬೇಡ. ಒಂದೇ ಉಸಿರಿಗೆ."

"ಹೇಳಿ ಏನಾಗತ್ತೆ ಅವರಿಗೆ?"

"ಹೆಚ್ಚಾಗಿ ಹಾಳಾಗ್ತಾರೆ."

"ನಿನಗೆ ಹಾಳಾಗಕ್ಕೆ ಏನಿದೆ ಉಳಿದಿರೋದು? ಹೇಳು ಹೋಗು." ತಲೆಯ ಮೇಲೆ ಬಿಸಿ ನೀರು ಸುರಿದ. "ಮತ್ತೆ, ಒಳಗೆ ಕೂತ್ಕೋಬೇಡ. ಕೂತ್ರೆ ಆಯಮ್ಮ ತಿನ್ನಕ್ಕೆ ಕೊಡ್ತಾಳೆ. ಬಾಯಲ್ಲಿ ತಿಂಡಿ ಇಟ್ಕೊಂಡು ಯಾರೂ ಜಗಳ ಆಡಿಲ್ಲ."

ಹೊಸ ಕಡೆ ಹೋದರೆ ಇಲ್ಲಿಗೆ ಬರುವುದಿಲ್ಲವಾ ಎಂದೂ ಕೇಳಿದ, ಬಟ್ಟೆ ಹಾಕಿಕೊಳ್ಳುವಾಗ, ಬೇರೆಲ್ಲೋ ನೋಡುತ್ತ. ವಾರಕ್ಕೊಮ್ಮೆ ಬರುತ್ತೇನೆ ಎಂದೆ.

ಫೆಬ್ರವರಿ 26

ಬ್ರೋಕರ್ ಹುಡುಗನಿಗೆ ಫೋನು. ಆ ಕೋಣೆ ಹೋಗಿದೆ. ಅದೇ ಕಟ್ಟಡದಲ್ಲಿ ಎರಡನೆಯ ಮಹಡಿಯದು ತಿಂಗಳ ಕೊನೆಗೆ ಖಾಲಿಯಾಗುತ್ತದಂತೆ. ಪಶ್ಚಿಮದ ಕಿಟಕಿ. ಪರವಾಗಿಲ್ಲ ಎಂದೆ. ಈ ಸಲ ನಾನು.

ಸಂಜೆ ಪಡಸಾಲೆಯಲ್ಲಿ ನಡೆದೆ, ಬಾಗಿಲು ಬಾಗಿಲು ಮುಟ್ಟುತ್ತ. ಇಲ್ಲಿ ಹಮಗುಚಿಯ ಮದುವೆಯ ಮುನ್ನಾ ದಿನ ಎಲ್ಲರೂ ಕುಡಿದು ಹಾಡಿದ್ದು. ಇಲ್ಲಿ ಯಜಮಾನ ತತ್ಸುಮಿ ಇಸಾಮು ಕೂತು ನನ್ನ ಚಪ್ಪಲಿಗೆ ಅಂಟು ಹಾಕಿದ್ದು, ದುಡ್ಡು ಬೇಡವೆಂದು. ಇವೆಲ್ಲ ಈ ಮರದಲ್ಲಿವೆ ಎಂದು ಇಷ್ಟು ದಿನ ನಂಬಿದ್ದೆ. ಮನೆ ಕೆಡವಿದರೆ ಹೋಗುತ್ತವೆ ಎಂದು. ಮುಟ್ಟಿ ನೋಡಿದರೆ ಬರೀ ಹಲಗೆ, ತಣ್ಣಗಿದೆ. ನೆನಪು ಬರುತ್ತಿರುವುದು ಬೇರೆ ಕಡೆಯಿಂದ.

ಫೆಬ್ರವರಿ 28

ಚಳಿ ಕಮ್ಮಿ. ಇಕನಾಗೊ ಹಿಡಿಯುವುದು ಶುರುವಾಗಿದೆ. ಬೀದಿಯ ಮನೆಮನೆಯಲ್ಲೂ ಆ ಸಣ್ಣ ಮೀನನ್ನು ಸಕ್ಕರೆ, ಸೋಯಾ ಹಾಕಿ ಕುದಿಸುವ ವಾಸನೆ. ಕೆಳಗಿನಿಂದಲೂ ಬರುತ್ತಿದೆ. ಒಂದು ಕಾಲಿನ ಮೇಲೆ ನಿಂತು ಕುದಿಸುತ್ತಿದ್ದಾರೆ. ಪ್ರತಿ ವರ್ಷ ಮೊದಲ ಡಬ್ಬಿ ನನಗೆ. ಅದು ಮೇಲೆ ಬರುವ ಮೊದಲು ನಾನು ಕೆಳಗೆ ಹೋಗಬೇಕು.

ನಾಳೆ ಹತ್ತಕ್ಕೆ ಹೋಗುತ್ತೇನೆ. ಇವತ್ತು ಬೆಳಿಗ್ಗೆ ನಿರ್ಧಾರ ಮಾಡಿದೆ, ಸಂಜೆಯ ತನಕ ಬದಲಾಗಿಲ್ಲ. ಬಾಗಿಲಲ್ಲೇ ನಿಲ್ಲುತ್ತೇನೆ, ಚಪ್ಪಲಿ ಬಿಚ್ಚುವುದಿಲ್ಲ. ಕಜುಯೊ ಹೆಸರು ಎತ್ತುವುದಿಲ್ಲ. ನಿಮಗೋಸ್ಕರ ಎಂದೂ ಅನ್ನುವುದಿಲ್ಲ; ಅಂದರೆ ಸೋತೆ. ನನಗೆ ಹೋಗಬೇಕು, ಹೋಗಲು ನಿಮ್ಮ ಪತ್ರ ಬೇಕು, ನನ್ನನ್ನು ಎಬ್ಬಿಸುತ್ತಿದ್ದೀರಿ ಎಂದು ಬರೆದು ಮುದ್ರೆ ಒತ್ತಿಕೊಡಿ. ಇಷ್ಟೇ ಮಾತು.

ಬೇಡ ಎನ್ನುತ್ತಾರೆ. ಮತ್ತೆ ಕೇಳುತ್ತೇನೆ. ಬೇಡ ಎನ್ನುತ್ತಾರೆ, ಬೈಯುತ್ತಾರೆ, ಅಳಲೂಬಹುದು. ಮೂರನೆಯ ಸಲವೂ ಬೇಡ ಎಂದ ಮೇಲೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಾಗಿ, ಕ್ಷಮಿಸಿ ಎಂದು ವಾಪಸು ಬರುತ್ತಾರೆ. ನಾನೂ ಜೀವಮಾನವೆಲ್ಲ ಹಾಗೇ ಬಂದಿದ್ದೇನೆ.

ನಾಳೆ ಅಲ್ಲೇ ನಿಂತಿರುತ್ತೇನೆ. ನಾಲ್ಕನೆಯ ಸಲ ಕೇಳುತ್ತೇನೆ.